ಕೋಳಿ ಹಿಕ್ಕೆಯ ಕಣಿ

ಬೆಳಿಗ್ಗೆ ಆರೂವರೆಗೆ ಫೋನು ಟಣ್ ಅಂದಿತು. ಹಿಂದಿನ ಬೀದಿಯ ಅಕ್ಕ ಕಳಿಸಿದ ಫೋಟೊ. ಕಾಫಿ ಲೋಟ ಕೈಯಲ್ಲಿ ಹಿಡಿದೇ ತೆರೆದು ನೋಡಿದೆ. ಸಿಮೆಂಟು ನೆಲ, ಅದರ ಮೇಲೊಂದು ಕಡುಗೆಂಪು ಮುದ್ದೆ, ಗಾತ್ರ ಗೊತ್ತಾಗಲಿ ಎಂದು ಪಕ್ಕದಲ್ಲಿಟ್ಟ ಒಂದು ರೂಪಾಯಿ ನಾಣ್ಯ. ಕೆಳಗೆ ಧ್ವನಿ ಸಂದೇಶ: “ಸಾರ್, ಕೋಳಿ ರಕ್ತ ಹಾಕ್ತಿದೆ. ಎರಡೂ ಹ್ಯಾಟೆ ಹಾಕಿವೆ. ಕುಯ್ದು ಬಿಡ್ಲಾ, ಇಲ್ಲ ಡಾಕ್ಟ್ರ ಹತ್ರ ಹೋಗ್ಲಾ?”

ನಿನ್ನೆ ಅವಕ್ಕೆ ಏನು ಹಾಕಿದ್ರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಅಯ್ಯೋ, ಬೀಟ್‌ರೂಟ್ ಪಲ್ಯ ಮಾಡಿದ್ದೆ ಸಾರ್. ಸಿಪ್ಪೆಯೆಲ್ಲ ಅವಕ್ಕೇ ಸುರಿದಿದ್ದೆ.”

ಹಾಗೆ ಎರಡು ಹೇಂಟೆಗಳ ಜೀವ ಉಳಿಯಿತು. ಆದರೆ ಇದೇ ಅಕ್ಕ ಎರಡು ತಿಂಗಳ ಹಿಂದೆ ಒಂದು ಪಿಳ್ಳೆ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ನಿಂತಿದ್ದನ್ನು ಕಂಡು, “ಚಳಿ ಇರಬೇಕು” ಅಂದುಕೊಂಡು ಸುಮ್ಮನಿದ್ದರು. ವಾರದೊಳಗೆ ಆರು ಪಿಳ್ಳೆ ಹೋದವು. ಹಿತ್ತಲಲ್ಲಿ ಕೋಳಿ ಸಾಕುವ ನಮ್ಮೆಲ್ಲರ ಪಾಡೂ ಇಷ್ಟೇ. ಹೆದರಬೇಕಾಗಿಲ್ಲದ ಹಿಕ್ಕೆಗೆ ಹೌಹಾರುತ್ತೇವೆ, ಹೆದರಬೇಕಾದ್ದನ್ನು ಕಸದ ಜೊತೆ ಗುಡಿಸಿ ಹಾಕುತ್ತೇವೆ.

ನನ್ನ ಗೂಡಿನಲ್ಲಿ ಈಗ ಹನ್ನೊಂದು ಕೋಳಿ ಇವೆ. ಏಳು ನಾಟಿ, ಮೂರು ಗಿರಿರಾಜ, ಯಾವ ಜಾತಿಗೂ ಸೇರದ ಒಂದು ಹುಂಜ. ರಾತ್ರಿ ಅವು ಕೂರುವ ಬಿದಿರಿನ ಅಡ್ಡಗೋಲಿನ ಕೆಳಗೆ ಒಂದು ಹಳೇ ಫ್ಲೆಕ್ಸ್ ಹಾಸಿದ್ದೇನೆ. ಯಾರದೋ ಹುಟ್ಟುಹಬ್ಬದ ಶುಭಾಶಯದ್ದು. ಮುಖ ಕೆಳಗೆ ಮಾಡಿ ಹಾಸಿದ್ದು ರಾಜಕೀಯ ಮರ್ಯಾದೆಗಲ್ಲ, ಬೆನ್ನಿನ ಬಿಳಿ ಬಣ್ಣದ ಮೇಲೆ ಹಿಕ್ಕೆ ಚೆನ್ನಾಗಿ ಕಾಣುತ್ತದೆ ಎಂದು. ಕೋಳಿ ರಾತ್ರಿ ಕೂತ ಜಾಗ ಬಿಟ್ಟು ಕದಲುವುದಿಲ್ಲ. ಹಾಗಾಗಿ ಬೆಳಿಗ್ಗೆ ಯಾವ ಗುಪ್ಪೆ ಯಾರದು ಎಂಬುದು ಹೆಚ್ಚುಕಡಿಮೆ ಗೊತ್ತಾಗುತ್ತದೆ. ಗೂಡಿನ ಬಾಗಿಲು ತೆಗೆದ ಮೇಲೆ ಎರಡು ನಿಮಿಷ ಆ ಫ್ಲೆಕ್ಸ್ ಓದುತ್ತೇನೆ. ಪೇಪರು ಆಮೇಲೆ.

ಓದು ಬರಬೇಕಾದರೆ ಮೊದಲು ಅಕ್ಷರ ಗೊತ್ತಿರಬೇಕು. ಚೆನ್ನಾಗಿರುವ ಕೋಳಿಯ ಹಿಕ್ಕೆ ಕಂದು ಅಥವಾ ಬೂದುಗಂದು ಬಣ್ಣದ ಸಣ್ಣ ಮುದ್ದೆ, ತಲೆಯ ಮೇಲೆ ಸುಣ್ಣ ಮೆತ್ತಿದಂತೆ ಒಂದಿಷ್ಟು ಬಿಳುಪು. ಕಡ್ಡಿಯಿಂದ ಸರಿಸಿದರೆ ಆಕಾರ ಕೆಡದೆ ಉರುಳುತ್ತದೆ. ಈ ಬಿಳುಪನ್ನು ನೋಡಿಯೇ “ಕೋಳಿಗೆ ಬಿಳಿ ಭೇದಿ” ಎಂದು ಔಷಧಿ ಅಂಗಡಿಗೆ ಓಡಿದವರನ್ನು ನಾನು ಬಲ್ಲೆ. ಆ ಬಿಳುಪು ಕೋಳಿಯ ಉಚ್ಚೆ. ಬಹುತೇಕ ಹಕ್ಕಿಗಳ ಹಾಗೆ ಕೋಳಿಗೂ ಮೂತ್ರಕೋಶ ಇಲ್ಲ. ನಮ್ಮ ಮೈಯ ಸಾರಜನಕದ ಕಸ ಯೂರಿಯಾ ಆಗಿ ನೀರಿನಲ್ಲಿ ಕರಗಿ ಹೊರಗೆ ಹೋಗುತ್ತದೆ. ಕೋಳಿ ಅದನ್ನು ಯೂರಿಕ್ ಆಮ್ಲ ಮಾಡಿ, ಹೆಚ್ಚು ನೀರು ಖರ್ಚಿಲ್ಲದೆ ಬಿಳಿ ಹಿಟ್ಟಿನಂತೆ ಹೊರಹಾಕುತ್ತದೆ. ಚಿಪ್ಪಿನೊಳಗೆ 21 ದಿನ ಮುಚ್ಚಿಕೊಂಡು ಬೆಳೆಯುವ ಮರಿಗೆ ಇದು ಬಹಳ ಅನುಕೂಲ. ನೀರಿನಲ್ಲಿ ಕರಗದ ಕಸ ಒಂದು ಮೂಲೆಯಲ್ಲಿ ತೆಪ್ಪಗೆ ಕೂತಿರುತ್ತದೆ, ಮರಿಗೆ ನಂಜೇರುವುದಿಲ್ಲ.

ಮಲಕ್ಕೂ ಮೂತ್ರಕ್ಕೂ ಮೊಟ್ಟೆಗೂ ಕೋಳಿಗೆ ಇರುವುದು ಒಂದೇ ಬಾಗಿಲು. ಹಾಗಿದ್ದೂ ಮೊಟ್ಟೆ ಶುದ್ಧವಾಗಿ ಬರುವುದು ಹೇಗೆ ಎಂದು ನನ್ನ ಮಗಳು ಒಮ್ಮೆ ಕೇಳಿದ್ದಳು. ಇಡುವ ಕ್ಷಣದಲ್ಲಿ ಮೊಟ್ಟೆನಾಳದ ತುದಿ ಕಾಲುಚೀಲ ಮಗುಚಿದಂತೆ ಹೊರಕ್ಕೆ ಮಗುಚಿಕೊಂಡು ಮೊಟ್ಟೆಯನ್ನು ಗೋಡೆಗೆ ತಾಗಿಸದೆ ದಾಟಿಸುತ್ತದೆ. ಮೊಟ್ಟೆಗೆ ಹಿಕ್ಕೆ ಮೆತ್ತಿದ್ದರೆ ಸಾಮಾನ್ಯವಾಗಿ ತಪ್ಪು ಗೂಡಿನ ಹುಲ್ಲಿನದು, ಕೋಳಿಯದಲ್ಲ. ದಿನಾ ಹಾಗೇ ಬರುತ್ತಿದ್ದರೆ ಮಾತ್ರ ಕೋಳಿಯ ಬಾಲದ ಕೆಳಗೆ ಪುಕ್ಕ ಅಂಟಿಕೊಂಡಿದೆಯೇ ನೋಡಬೇಕು.

ಇನ್ನು ಎರಡನೇ ಬಗೆ. ಹೊಸಬರನ್ನು ಅತಿ ಹೆಚ್ಚು ಹೆದರಿಸುವುದು ಇದೇ. ಹುಣಸೆ ತೊಕ್ಕು ನೋಡಿದ್ದೀರಲ್ಲ, ಅದೇ ಬಣ್ಣ, ಅದೇ ಅಂಟು, ಅದೇ ಹೊಳಪು. ಕೆಲವು ಸಲ ಸಾಸಿವೆ ಅರೆದ ಹಳದಿಗಂದು. ಬಿಳಿ ಟೋಪಿ ಇರುವುದಿಲ್ಲ. ವಾಸನೆಯಂತೂ ಬರಿಗಾಲಲ್ಲಿ ತುಳಿದವರಿಗೇ ಗೊತ್ತು, ಎರಡು ಸಲ ಸೋಪು ಹಚ್ಚಿದರೂ ಬಿಡದು. ಇದು ಭೇದಿಯಲ್ಲ. ಮನೆಯಲ್ಲಿ ಕೋಳಿ ಶುದ್ಧ ಮಾಡಿದವರು ಕರುಳಿನ ಕೊನೆಯ ಹತ್ತಿರ ತುದಿ ಮುಚ್ಚಿದ ಎರಡು ಉದ್ದನೆಯ ಚೀಲ ಜೋತು ಬಿದ್ದಿರುವುದನ್ನು ನೋಡಿರುತ್ತಾರೆ. ವೈದ್ಯರು ಅದಕ್ಕೆ ಸೀಕಮ್ ಎನ್ನುತ್ತಾರೆ. ಕರುಳಿನಲ್ಲಿ ಅರಗದೆ ಉಳಿದ ನಾರು ಅಲ್ಲಿ ಹೋಗಿ ದೋಸೆ ಹಿಟ್ಟಿನ ಹಾಗೆ ಹುದುಗುತ್ತದೆ. ಅಲ್ಲಿರುವ ಸೂಕ್ಷ್ಮಜೀವಿಗಳು ಅದರಲ್ಲಿ ಉಳಿದ ಸತ್ವವನ್ನು ಬಿಡಿಸಿಕೊಡುತ್ತವೆ. ದಿನಕ್ಕೆ ಕೆಲವು ಸಲ ಚೀಲ ಖಾಲಿಯಾಗುತ್ತದೆ, ಎಂಟು ಹತ್ತು ಮಾಮೂಲು ಹಿಕ್ಕೆಗೆ ಒಂದು ಇಂಥದ್ದು ಅಂದುಕೊಳ್ಳಿ. ತೊಕ್ಕು ಕಂಡರೆ ಕೋಳಿಯ ಕರುಳು ಕೆಲಸ ಮಾಡುತ್ತಿದೆ ಎಂದು ಲೆಕ್ಕ. ಆದರೆ ಅದು ನೊರೆನೊರೆಯಾಗಿ ಬಂದರೆ, ಬರುವುದೆಲ್ಲ ಅದೇ ಆದರೆ, ಅಥವಾ ಅದರಲ್ಲಿ ರಕ್ತ ಬೆರೆತರೆ ಆಗ ಬೇರೆ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಕಾವು ಕೂತ ಕೋಳಿಯದು ಮೂರನೇ ಬಗೆ. ಕಾವಿನಲ್ಲಿರುವ ಹೇಂಟೆ ಗೂಡು ಹೊಲಸು ಮಾಡುವುದಿಲ್ಲ, ಇಡೀ ದಿನ ತಡೆದುಕೊಂಡಿರುತ್ತದೆ. ದಿನಕ್ಕೆ ಒಂದೆರಡು ಸಲ ಮೇವು ನೀರಿಗೆಂದು ಇಳಿದಾಗ ಒಮ್ಮೆಲೇ ಹಾಕುತ್ತದೆ. ಗಾತ್ರ ನೋಡಿದರೆ ನಾಯಿಯದೋ ಎಂದು ಅನುಮಾನ ಬರಬೇಕು. ನಮ್ಮಜ್ಜಿ ಕುಕ್ಕೆಯಲ್ಲಿ ಮೊಟ್ಟೆ ಜೋಡಿಸಿ ಕಾವಿಗೆ ಕೂರಿಸುತ್ತಿದ್ದ ಕಾಲದಲ್ಲಿ ಈ ಮುದ್ದೆಯೇ ಅವಳಿಗೆ ಗುರುತು. “ಹೆಂಗೆ ಹಾಕದೆ ನೋಡು, ಈ ಸಲ ಗಟ್ಟಿಯಾಗಿ ಕೂತವಳೆ” ಅನ್ನುತ್ತಿದ್ದಳು.

ಇವು ಮೂರೂ ಕಣ್ಣಿಗೆ ಕೂತ ಮೇಲೆ ತಿಂದದ್ದರ ಬಣ್ಣವನ್ನು ಕಳೆಯಬೇಕು. ಮೇ ಕೊನೆಯಿಂದ ನೇರಳೆ ಮರದ ಕೆಳಗೆ ಮೇಯುವ ಕೋಳಿಯ ಹಿಕ್ಕೆ ನೀಲಿಗಪ್ಪು. ನುಗ್ಗೆ ಸೊಪ್ಪು, ಕೋಸಿನ ಹೊರ ಎಲೆ ಹಾಕಿದರೆ ಹಸಿರು. ಒಲೆ ಬೂದಿಯಲ್ಲಿ ಹೊರಳಾಡಿ ಇದ್ದಿಲು ಕುಕ್ಕಿದರೆ ಕಪ್ಪು. ಕಲ್ಲಂಗಡಿ, ಸೌತೆಕಾಯಿ ತಿಂದ ದಿನ ನೀರು. ಕೋಳಿಯ ಹೊಟ್ಟೆಗೆ ಹೋದದ್ದು ಮೂರು ನಾಲ್ಕು ಗಂಟೆಯಲ್ಲಿ ಹೊರಗೆ ಬರಲು ಶುರುವಾಗುತ್ತದೆ. ಆದ್ದರಿಂದ ಮಧ್ಯಾಹ್ನದ ಊಟದ ಸಂಗತಿ ಸಂಜೆಗೇ ಗೊತ್ತಾಗುತ್ತದೆ. ಅನುಮಾನದ ಬಣ್ಣ ಕಂಡರೆ ಒಂದು ದಿನ ಬರೀ ಕಾಳು, ನೀರು ಕೊಟ್ಟು ನೋಡಿ. ಬಣ್ಣ ಹೋದರೆ ಅದು ತರಕಾರಿ. ಕಪ್ಪು ಹಿಕ್ಕೆ ಡಾಂಬರಿನಂತೆ ಜಿಗುಟಾಗಿ ದಿನಗಟ್ಟಲೆ ಬರುತ್ತಿದ್ದರೆ ಮಾತ್ರ ಮೇಲಿನ ಕರುಳಿನಲ್ಲೆಲ್ಲೋ ರಕ್ತ ಸೋರಿ ಅರಗಿ ಬರುತ್ತಿರಬಹುದು.

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಬರುವ ಫೋಟೊಗಳಲ್ಲಿ ಅರ್ಧ ಇವೇ. ಕೋಳಿ ಬೆವರುವುದಿಲ್ಲ, ಅದಕ್ಕೆ ಬೆವರಿನ ಗ್ರಂಥಿಗಳೇ ಇಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ಮಾಮೂಲಿಗಿಂತ ದುಪ್ಪಟ್ಟು ನೀರು ಕುಡಿದು ಮೈ ತಂಪು ಮಾಡಿಕೊಳ್ಳುತ್ತದೆ. ಆ ನೀರು ಹೊರಗೆ ಬರಲೇಬೇಕಲ್ಲ. ಹಿಕ್ಕೆಯನ್ನು ಹತ್ತಿರದಿಂದ ನೋಡಿ: ನೀರಿನ ನಡುವೆ ಮುದ್ದೆ ಮುದ್ದೆಯಾಗಿಯೇ ಇದೆಯೇ? ಹಾಗಿದ್ದರೆ ಅದು ಬರೀ ಹೆಚ್ಚಿನ ಉಚ್ಚೆ. ಮುದ್ದೆಯೇ ಕರಗಿ ಗಂಜಿಯಂತಾಗಿದೆಯೇ? ಅದು ಭೇದಿ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಬೇಸಿಗೆಯಲ್ಲಿ ಅರ್ಧ ಆತಂಕ ಕಡಿಮೆ. ನೀರುನೀರಾಗಲು ಇನ್ನೊಂದು ಕಾರಣ ಉಪ್ಪು. ಉಳಿದ ಸಾರನ್ನ, ಹಬ್ಬದ ಖಾರಾಬೂಂದಿ, ಉಪ್ಪಿನಕಾಯಿ ತಳದ ಚೂರು ಎಲ್ಲ ಕೋಳಿಗೆ ಸುರಿಯುವ ಮನೆಗಳಲ್ಲಿ ಇದು ಸಾಮಾನ್ಯ. ಉಪ್ಪು ಜಾಸ್ತಿಯಾದರೆ ಕೋಳಿ ಸಾಯುವುದೂ ಉಂಟು, ಮರಿಗಳಂತೂ ಬೇಗ.

ತಾರಸಿಯ ಮೇಲೆ ಪಂಜರದಲ್ಲಿ ಸಾಕುವವರು ಇನ್ನೊಂದನ್ನು ಕಾಣುತ್ತಾರೆ: ಹಿಕ್ಕೆಯಲ್ಲಿ ಜೋಳದ ಕಾಳು ಕಾಳಾಗಿಯೇ ಬಿದ್ದಿರುತ್ತದೆ. ಕೋಳಿಗೆ ಹಲ್ಲಿಲ್ಲ. ನುಂಗಿದ ಸಣ್ಣ ಕಲ್ಲು, ದಪ್ಪ ಮರಳನ್ನು ಇಟ್ಟುಕೊಂಡು ಹೊಟ್ಟೆಯಲ್ಲೇ ಬೀಸುತ್ತದೆ. ಅದನ್ನು ನೆಲ ಮುಟ್ಟದ ಎತ್ತರದಲ್ಲಿ ಸಾಕಿ ಒಂದು ಹಿಡಿ ಮರಳನ್ನೂ ಕೊಡದಿದ್ದರೆ ಬೀಸುಕಲ್ಲಿಲ್ಲದ ಗಿರಣಿ ನಡೆಸಿದಂತೆ.

ಈಗ ಕೆಂಪಿಗೆ ಬರುತ್ತೇನೆ. ಬೀಟ್‌ರೂಟಿನದಲ್ಲದ, ನಿಜವಾದ ಕೆಂಪು.

ಇದರಲ್ಲೂ ಎರಡು. ಒಂದು, ಮಾಮೂಲು ಹಿಕ್ಕೆಯ ಮೇಲೆ ಕಿತ್ತಳೆಗೆಂಪು ಎಳೆ, ಟೊಮೆಟೊ ಸಿಪ್ಪೆ ಅಂಟಿದಂತೆ. ಕರುಳಿನ ಒಳಪದರ ಸವೆದು ಹೊಸದಾಗುತ್ತಲೇ ಇರುತ್ತದೆ, ಅದರ ಚೂರು ಅಪರೂಪಕ್ಕೆ ಹೀಗೆ ಬರುತ್ತದೆ. ಕೋಳಿ ಗೆಲುವಾಗಿದ್ದರೆ, ಒಂದೆರಡು ಸಲ ಕಂಡು ಮಾಯವಾದರೆ ಬಿಟ್ಟುಬಿಡಿ. ಎರಡನೆಯದು ರಕ್ತವೇ. ತೊಕ್ಕಿನ ಹಿಕ್ಕೆಯಲ್ಲಿ ಬೆರೆತು ಇಟ್ಟಿಗೆಗೆಂಪಾಗಿಯೋ, ಹೆಚ್ಚಾದಾಗ ಬರೀ ರಕ್ತವಾಗಿಯೋ ಬೀಳುತ್ತದೆ. ಮೂರರಿಂದ ಎಂಟು ವಾರದ ಪಿಳ್ಳೆಗಳಲ್ಲಿ ಇದು ಕಂಡರೆ ಮೊದಲ ಅನುಮಾನ ರಕ್ತಭೇದಿಯ ಮೇಲೆ, ವೈದ್ಯರ ಮಾತಿನಲ್ಲಿ ಕಾಕ್ಸಿಡಿಯೋಸಿಸ್.

ನನಗೆ ಇದರ ಪಾಠ ಆದದ್ದು ಒಂದು ಜೂನ್ ತಿಂಗಳಲ್ಲಿ. ಇಪ್ಪತ್ತು ಮರಿ ತಂದಿದ್ದೆ. ಭತ್ತದ ಹೊಟ್ಟು ಹಾಸಿ, ಬಲ್ಬು ಕಟ್ಟಿ, ಬಹಳ ಚೆನ್ನಾಗಿ ಸಾಕುತ್ತಿದ್ದೇನೆ ಎಂಬ ಹೆಮ್ಮೆ. ಮಳೆ ಹಿಡಿಯಿತು. ಶೀಟಿನ ಒಂದು ತೂತಿನಿಂದ ನೀರು ತೊಟ್ಟಿಕ್ಕಿ, ನೀರಿನ ಡಬ್ಬದ ಸುತ್ತ ಹೊಟ್ಟು ಒದ್ದೆಯಾಗಿ ಹೆಂಟೆಗಟ್ಟಿತು. ನಾಳೆ ಬದಲಾಯಿಸೋಣ ಎಂದು ನಾಲ್ಕು ದಿನ ಕಳೆದೆ. ಐದನೇ ದಿನ ಎರಡು ಮರಿ ಮೈ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ, ಬಲ್ಬಿನ ಕೆಳಗೆ ನಿಂತವು. ಹೊಟ್ಟಿನ ಮೇಲೆ ಅಲ್ಲಲ್ಲಿ ತುಕ್ಕಿನ ಬಣ್ಣದ ಕಲೆ. ನಾನು ಹೊಟ್ಟು ಕೆದಕಿ ಕಲೆ ಮುಚ್ಚಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಮಾಡಿದ್ದು ಅದೇ. ಮೂರು ದಿನದಲ್ಲಿ ಒಂಬತ್ತು ಮರಿ ಸತ್ತವು.

ಕಾರಣ ಐಮೇರಿಯಾ ಎಂಬ ಏಕಕೋಶ ಜೀವಿ. ಅದು ಕರುಳಿನ ಗೋಡೆಯ ಕೋಶದೊಳಗೆ ಹೊಕ್ಕು, ಹೆಚ್ಚಿ, ಕೋಶವನ್ನು ಒಡೆದು ಹೊರಗೆ ಬರುತ್ತದೆ. ಒಡೆದಲ್ಲೆಲ್ಲ ರಕ್ತ. ಹಿಕ್ಕೆಯಲ್ಲಿ ಬೀಳುವ ಅದರ ಮೊಟ್ಟೆಯಂಥ ಕಣಗಳು ಬಿದ್ದ ಕೂಡಲೇ ರೋಗ ಹರಡಲಾರವು. ತೇವ, ಬೆಚ್ಚಗಿನ ಹವೆ, ಗಾಳಿ ಮೂರೂ ಸಿಕ್ಕರೆ ಒಂದೆರಡು ದಿನದಲ್ಲಿ ಬಲಿಯುತ್ತವೆ. ಬಲಿತದ್ದನ್ನು ಇನ್ನೊಂದು ಮರಿ ಕುಕ್ಕಿದರೆ ಐದಾರು ದಿನಕ್ಕೆ ಅದೂ ಮಲಗುತ್ತದೆ. ನನ್ನ ಒದ್ದೆ ಹೊಟ್ಟು, ಬಲ್ಬಿನ ಕಾವು ಎರಡೂ ಸೇರಿ ಅದಕ್ಕೆ ಹೇಳಿ ಮಾಡಿಸಿದ ಹಾಸಿಗೆಯಾಗಿತ್ತು. ಫಿನೈಲು, ಬ್ಲೀಚಿಂಗ್ ಪುಡಿಗೆ ಈ ಕಣಗಳು ಬಗ್ಗುವುದಿಲ್ಲ. ಒಣಗಿದರೆ ಸಾಯುತ್ತವೆ. ಹೊಟ್ಟು ಪೂರ್ತಿ ತೆಗೆದು, ನೆಲ ಒಣಗಿಸಿ, ಬಿಸಿಲು ಕಾಣಿಸಿ, ಮತ್ತೆ ಹಾಸುವುದೇ ದಾರಿ. ಸಮಾಧಾನಕ್ಕೆ ಒಂದು ವಿಷಯ: ಕೋಳಿಯ ಐಮೇರಿಯಾ ಕೋಳಿಗಷ್ಟೇ. ಆಡಿಗಾಗಲಿ ಬೆಕ್ಕಿಗಾಗಲಿ ಮನುಷ್ಯರಿಗಾಗಲಿ ಅಂಟುವುದಿಲ್ಲ.

ಈ ರೋಗಕ್ಕೆ ಆಂಪ್ರೋಲಿಯಮ್ ಪುಡಿಯನ್ನು ಕುಡಿಯುವ ನೀರಿಗೆ ಹಾಕಲು ವೈದ್ಯರು ಹೇಳುತ್ತಾರೆ. ಹೊತ್ತಿಗೆ ಸರಿಯಾಗಿ ಕೊಟ್ಟರೆ ಕಣ್ಣೆದುರೇ ಗುಣ ಕಾಣುತ್ತದೆ. ರೋಗದ ಕೋಳಿ ತಿನ್ನದಿದ್ದರೂ ಕುಡಿಯುತ್ತದೆ, ಅದಕ್ಕೇ ಔಷಧಿ ನೀರಿನಲ್ಲಿ. ಬೇರೆ ನೀರಿನ ತಟ್ಟೆ, ಚರಂಡಿ ಯಾವುದೂ ಅವಕ್ಕೆ ಸಿಗಬಾರದು. ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಆಂಪ್ರೋಲಿಯಮ್ ನೋಡಲು ಬಿ1 ಜೀವಸತ್ವದ ತದ್ರೂಪು. ಪರಾವಲಂಬಿಯು ಬಿ1 ಎಂದು ಇದನ್ನು ತೆಗೆದುಕೊಂಡು ಹಸಿದು ಸಾಯುತ್ತದೆ. “ಮರಿ ಸುಸ್ತಾಗಿವೆ” ಎಂದು ಅದೇ ನೀರಿಗೆ ಬಿ-ಕಾಂಪ್ಲೆಕ್ಸ್ ಟಾನಿಕ್ಕನ್ನೂ ಸುರಿದರೆ ನಾವೇ ಪರಾವಲಂಬಿಗೆ ಊಟ ಬಡಿಸಿದಂತಾಗುತ್ತದೆ. ಟಾನಿಕ್ಕು ಔಷಧಿ ಮುಗಿದ ಮೇಲೆ.

ಹಸಿರು ಹಿಕ್ಕೆಯದು ಇನ್ನೂ ಸೂಕ್ಷ್ಮ. ಸೊಪ್ಪು ತಿಂದ ಹಸಿರಿನಲ್ಲಿ ನಾರು ಕಾಣುತ್ತದೆ, ಮುದ್ದೆ ದೊಡ್ಡದಿರುತ್ತದೆ. ತಿನ್ನದೇ ಇದ್ದ ಕೋಳಿಯದು ಬೇರೆ ಹಸಿರು: ಗಿಳಿಹಸಿರು, ಚೂರೇ ಚೂರು, ಜೊತೆಗೆ ಬಿಳಿ ನೀರು. ಹೊಟ್ಟೆ ಖಾಲಿಯಿದ್ದಾಗ ಪಿತ್ತ ಒಂದೇ ಹರಿದು ಬರುತ್ತದೆ, ಕೋಳಿಯ ಪಿತ್ತದ ಬಣ್ಣವೇ ಹಸಿರು. ಹೀಗಾಗಿ ಹಸಿರು ಹಿಕ್ಕೆ ಇಂಥದೇ ರೋಗ ಎಂದು ಹೇಳುವುದಿಲ್ಲ. ಕೋಳಿ ಮೇವು ಬಿಟ್ಟಿದೆ ಎಂದಷ್ಟೇ ಹೇಳುತ್ತದೆ. ಯಾಕೆ ಬಿಟ್ಟಿದೆ ಎಂಬುದನ್ನು ಕೋಳಿಯನ್ನೇ ನೋಡಿ ತಿಳಿಯಬೇಕು. ಹುಂಜನ ಕಾಟಕ್ಕೆ ತಟ್ಟೆಯ ಹತ್ತಿರ ಬರಲಾಗದ ಹೇಂಟೆಯೂ ಹಸಿರು ಹಾಕುತ್ತದೆ. ಸಂಜೆ ಗೂಡಿಗೆ ಬಂದಾಗ ಕೊರಳ ಬುಡದ ಮೇವಿನ ಚೀಲವನ್ನು ಮುಟ್ಟಿ ನೋಡಿ. ತುಂಬಿರಬೇಕು. ಬೆಳಿಗ್ಗೆ ಮುಟ್ಟಿದರೆ ಇಳಿದಿರಬೇಕು.

ಹಸಿರು ಭೇದಿಯ ಜೊತೆ ಕೋಳಿ ಬಾಯಿ ಕಳೆದು ಗೊರಗೊರ ಉಸಿರೆಳೆಯುತ್ತಿದ್ದರೆ, ಕತ್ತು ತಿರುಚುತ್ತಿದ್ದರೆ, ಒಂದು ಕಾಲೋ ರೆಕ್ಕೆಯೋ ಎಳೆಯುತ್ತಿದ್ದರೆ, ನಿನ್ನೆ ಒಂದು ಇವತ್ತು ಮೂರು ಎಂದು ಸಾಯುತ್ತಿದ್ದರೆ, ಅದು ನಮ್ಮ ಕಡೆ ಕೊಕ್ಕರೆ ರೋಗ ಎನ್ನುವ ರಾಣಿಖೇತ್ ಇರಬಹುದು. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಾಣಿಸಿಕೊಂಡ ಈ ವೈರಸ್ ಮರುವರ್ಷ ಕುಮಾವೂ ಬೆಟ್ಟದ ರಾಣಿಖೇತ್‌ನಲ್ಲಿ ಗುರುತಿಗೆ ಬಂತು. ಆ ಚೆಂದದ ಊರಿನ ಹೆಸರು ಕೋಳಿ ಸಾಕುವವರ ಬಾಯಲ್ಲಿ ಶಾಪವಾಗಿ ಉಳಿಯಿತು. ಲಸಿಕೆ ಹಾಕದ ನಾಟಿಕೋಳಿಗಳ ಬೀದಿಗೆ ಹೊಕ್ಕರೆ ಗೂಡಿಗೆ ಗೂಡೇ ಖಾಲಿ. ಬಂದ ಮೇಲೆ ಮದ್ದಿಲ್ಲ. ಬೆಳ್ಳುಳ್ಳಿ, ಅರಿಶಿನ, ಈರುಳ್ಳಿ ರಸ ಕೊಡುವವರನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ ಅದನ್ನು ನಂಬಿ ಲಸಿಕೆ ಬಿಟ್ಟರೆ ನಷ್ಟ. ಮರಿಗೆ ಐದರಿಂದ ಏಳು ದಿನವಾದಾಗ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟ, ಎಂಟು ವಾರದ ಸುಮಾರಿಗೆ ಆರ್‌2ಬಿ ಚುಚ್ಚುಮದ್ದು. ಎರಡನೆಯದು ನೈನಿತಾಲ್ ಜಿಲ್ಲೆಯ ಮುಕ್ತೇಶ್ವರದ ಹೆಸರಿನ ತಳಿಯಿಂದ ಆದದ್ದು. ರೋಗಕ್ಕೆ ಹೆಸರು ಕೊಟ್ಟ ಬೆಟ್ಟಸೀಮೆಯೇ ಲಸಿಕೆಗೂ ಹೆಸರು ಕೊಟ್ಟಿದೆ. ತೊಡಕೆಂದರೆ ಒಂದು ಶೀಶೆಯಲ್ಲಿ ಸಾಮಾನ್ಯವಾಗಿ ನೂರಾರು ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹನ್ನೊಂದು ಕೋಳಿಯವನು ಏನು ಮಾಡಬೇಕು? ನಮ್ಮ ಬಡಾವಣೆಯಲ್ಲಿ ಆರು ಮನೆಯವರು ಒಂದೇ ಭಾನುವಾರ ಗೊತ್ತುಮಾಡಿಕೊಂಡು, ಐಸ್ ತುಂಬಿದ ಥರ್ಮಾಸ್‌ನಲ್ಲಿ ಒಂದೇ ಶೀಶೆ ತರಿಸುತ್ತೇವೆ. ಆ ದಿನ ಕೋಳಿ ಹಿಡಿಯುವ ಗಲಾಟೆಗೆ ಮಕ್ಕಳೆಲ್ಲ ಹಾಜರು.

ಹಳದಿ ಬೆರೆತ ಹಸಿರು, ಜೊತೆಗೆ ಜುಟ್ಟು ನೇರಳೆಗಟ್ಟಿದರೆ ಕೋಳಿ ಕಾಲರಾದ ಅನುಮಾನ. ಮನುಷ್ಯರ ಕಾಲರಾಕ್ಕೂ ಇದಕ್ಕೂ ನಂಟಿಲ್ಲ, ಬ್ಯಾಕ್ಟೀರಿಯಾ ಬೇರೆ. 1880ರ ಹೊತ್ತಿಗೆ ಲೂಯಿ ಪಾಶ್ಚರ್ ಪ್ರಯೋಗಾಲಯದಲ್ಲಿ ರೋಗಾಣುವಿನ ಸೊಕ್ಕು ಮುರಿದು ಲಸಿಕೆ ಮಾಡುವುದನ್ನು ಕಲಿತದ್ದು ಇದರ ಮೇಲೆಯೇ. ಹುಚ್ಚುನಾಯಿ ಲಸಿಕೆಗೆ ಮೊದಲು ದಾರಿ ತೋರಿದ್ದು ಕೋಳಿ.

ಬಿಳಿ ಭೇದಿಯಲ್ಲಿ ವಯಸ್ಸೇ ಮುಖ್ಯ. ಮೊದಲ ವಾರದ ಮರಿಯ ಬಾಲದ ಕೆಳಗೆ ಹಿಕ್ಕೆ ಗಾರೆಯಂತೆ ಅಂಟಿ ದ್ವಾರ ಮುಚ್ಚಿಹೋಗಿದ್ದರೆ, ಬಹಳ ಸಲ ಕಾರಣ ಚಳಿ, ಪ್ರಯಾಣದ ಬಳಲಿಕೆ, ನೀರು ಸಿಗದಿರುವುದು. ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ನೆನೆಸಿ ಬಿಡಿಸಬೇಕು. ಒಣಗಿದ್ದನ್ನು ಹಾಗೇ ಕಿತ್ತರೆ ಚರ್ಮವೂ ಕಿತ್ತು ಬರುತ್ತದೆ. ಒರೆಸಿ, ಒಣಗಿಸಿ, ಬಲ್ಬಿನ ಹತ್ತಿರ ಬಿಡಿ. ಒಂದೆರಡು ಮರಿಗೆ ಆದರೆ ಇಷ್ಟು ಸಾಕು. ಗುಂಪಿನಲ್ಲಿ ಅರ್ಧಕ್ಕೆ ಆಗಿ, ಚೀರುತ್ತ ಸಾಯತೊಡಗಿದರೆ ಅದು ಪುಲ್ಲೋರಮ್ ಇರಬಹುದು. ಸಾಲ್ಮೊನೆಲ್ಲಾ ಕುಲದ ಈ ರೋಗಾಣು ತಾಯಿಕೋಳಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ಬರುತ್ತದೆ. ಬದುಕುಳಿದವು ದೊಡ್ಡವಾಗಿ ಮತ್ತೆ ಅದನ್ನೇ ದಾಟಿಸುತ್ತವೆ. ಅಂಥ ಗುಂಪಿನ ಮೊಟ್ಟೆಯನ್ನು ಕಾವಿಗೆ ಕೂರಿಸಬಾರದು. ಮೂರರಿಂದ ಆರು ವಾರದ ಮರಿಗಳು ಇದ್ದಕ್ಕಿದ್ದಂತೆ ನಡುಗುತ್ತ ಬಿಳಿ ನೀರು ಹಾಕಿದರೆ ಗಂಬೊರೊ. ಅದೂ ಊರಿನ ಹೆಸರೇ, ಅಮೆರಿಕದ ಡೆಲವೇರ್‌ನದು, 1962ರದು. ಅದಕ್ಕೂ ಲಸಿಕೆಯೇ ಗತಿ.

ರೋಗವಿಲ್ಲದೆ ಬಿಳಿ ಹೆಚ್ಚಾಗಲು ನಾವೇ ಕಾರಣವಾಗುವುದೂ ಉಂಟು. ಮೊಟ್ಟೆಕೋಳಿಯ ಫೀಡಿನಲ್ಲಿ ಕ್ಯಾಲ್ಸಿಯಂ ಸುಮಾರು 3.5ರಿಂದ 4 ಶೇಕಡಾ ಇರುತ್ತದೆ, ಮರಿಗೆ ಬೇಕಾದ್ದು ಶೇಕಡಾ 1ರ ಆಸುಪಾಸು. ಒಂದೇ ಮೂಟೆ ತಂದು ಎಲ್ಲಕ್ಕೂ ಹಾಕಿದರೆ ಮರಿಗಳ ಮೂತ್ರಪಿಂಡ ಕೆಡುತ್ತದೆ. ಮರಿ ದೊಡ್ಡವು ಕೂಡಿರುವ ಗೂಡಿಗೆ ಮರಿಗಳ ಫೀಡನ್ನೇ ಹಾಕಿ, ಚಿಪ್ಪಿನ ಚೂರನ್ನು ಬೇರೆ ತಟ್ಟೆಯಲ್ಲಿಡಿ. ಬೇಕಾದ ಹೇಂಟೆ ತಾನೇ ಬಂದು ಕುಕ್ಕುತ್ತದೆ.

ಹುಳುವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕಂಡರೆ ಯಾರಿಗೂ ಗೊತ್ತಾಗುತ್ತದೆ. ಶಾವಿಗೆಯಂತೆ ಬಿಳಿಯಾಗಿ ಬೆರಳುದ್ದ ಇದ್ದರೆ ದುಂಡುಹುಳು. ಅಕ್ಕಿಕಾಳಿನಂಥ ಚೂರುಗಳಾದರೆ ಲಾಡಿಹುಳುವಿನ ತುಂಡು. ಲಾಡಿಹುಳು ಇರುವೆ, ಜೀರುಂಡೆ ತಿಂದಾಗ ಬರುತ್ತದೆ. ಎರಡಕ್ಕೂ ಒಂದೇ ಔಷಧಿ ನಡೆಯುವುದಿಲ್ಲ. ಪಿಪರಜಿನ್ ದುಂಡುಹುಳುವಿಗೆ ಮಾತ್ರ. ಹುಳುವಿದ್ದ ಬಹುಪಾಲು ಕೋಳಿಗಳ ಹಿಕ್ಕೆಯಲ್ಲಿ ಹುಳು ಕಾಣುವುದೇ ಇಲ್ಲ. ತಿನ್ನುತ್ತಿದ್ದರೂ ಎದೆಮೂಳೆ ಚೂಪಾಗುತ್ತ ಬಂದಿದೆಯೇ ಎಂದು ಎತ್ತಿ ಸವರಿ ನೋಡಬೇಕು.

ಇಷ್ಟೆಲ್ಲ ಬಣ್ಣ ಹೇಳಿದ ಮೇಲೆ ಬಣ್ಣವನ್ನೇ ನಂಬಬೇಡಿ ಎಂದರೆ ನಿಮಗೆ ಸಿಟ್ಟು ಬರಬಹುದು. ಆದರೂ ಹೇಳಬೇಕು. ನಮ್ಮೂರ ಪಶುವೈದ್ಯರು ಫೋಟೊ ನೋಡುವ ಮೊದಲು ಕೇಳುವುದು ಬೇರೆಯೇ: ವಯಸ್ಸೆಷ್ಟು, ತಿನ್ನುತ್ತಿದೆಯಾ, ಉಳಿದವು ಹೇಗಿವೆ, ಲಸಿಕೆ ಯಾವಾಗ ಹಾಕಿಸಿದ್ರಿ, ಹೊಸ ಕೋಳಿ ತಂದ್ರಾ. ಸಂತೆಯಿಂದ ತಂದ ಕೋಳಿಯನ್ನು ಮೂರು ವಾರ ದೂರದ ಕುಕ್ಕೆಯಲ್ಲಿಟ್ಟು ಆಮೇಲೆ ಗುಂಪಿಗೆ ಬಿಡುವವರು ಹತ್ತರಲ್ಲಿ ಒಬ್ಬರೂ ಸಿಗುವುದಿಲ್ಲ. ಒಂದು ವಿಚಿತ್ರ ಹಿಕ್ಕೆ, ಗೆಲುವಾದ ಕೋಳಿ: ಒಂದು ದಿನ ಕಾಯಿರಿ. ಮಾಮೂಲು ಹಿಕ್ಕೆ, ಆದರೆ ಹಗಲೇ ತೂಕಡಿಸುವ ಕೋಳಿ: ಕಾಯಬೇಡಿ, ಅವತ್ತೇ ಬೇರೆ ಮಾಡಿ.

ಮನೆಯಲ್ಲಿ ಉಳಿದ ಮನುಷ್ಯರ ಕ್ಯಾಪ್ಸೂಲನ್ನು ಬಿಚ್ಚಿ ಕೋಳಿಗೆ ಹಾಕುವ ಚಾಳಿ ನಮ್ಮಲ್ಲಿ ಬಹಳ ಇದೆ. ವೈರಸ್ಸಿಗೆ ಅದು ನಾಟುವುದಿಲ್ಲ, ಮೊಟ್ಟೆಯಲ್ಲಿ ಸೇರಿ ನಮ್ಮ ಮಕ್ಕಳ ಹೊಟ್ಟೆಗೆ ಬರುತ್ತದೆ. ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ಕನ್ನು ಕೋಳಿ, ದನಕರುಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಮನುಷ್ಯರಿಗೆ ಬೇರೇನೂ ನಾಟದಾಗ ಕೊನೆಗೆ ಹುಡುಕುವ ಔಷಧಿ ಅದು. ವೈದ್ಯರು ಯಾವುದೇ ಔಷಧಿ ಬರೆದರೂ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ಕೇಳಿಕೊಳ್ಳಿ.

ಹಕ್ಕಿಜ್ವರಕ್ಕೆ ಇಂಥದೇ ಹಿಕ್ಕೆ ಎಂಬ ಗುರುತಿಲ್ಲ. ಕೋಳಿಗಳು ಕಾರಣ ತೋರದೆ ಒಂದರ ಹಿಂದೊಂದು ಸತ್ತರೆ, ಮುಖ, ಜುಟ್ಟು ಊದಿ ಕಪ್ಪಿಟ್ಟರೆ ಅವನ್ನು ಕುಯ್ಯಬೇಡಿ, ಕೆರೆಗೆ ಎಸೆಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಹತ್ತಿರದ ಪಶು ಆಸ್ಪತ್ರೆಗೋ 1962 ಸಹಾಯವಾಣಿಗೋ ಹೇಳಿ. 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ ಅದು ಬಂದು ಹೋದದ್ದು ನೆನಪಿರಲಿ. ಬಾಕಿ ದಿನಗಳಲ್ಲೂ ಹಿಕ್ಕೆ ಬಾಚಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಮರಿಗೆ ಮುತ್ತು ಕೊಡುವ ಮಕ್ಕಳನ್ನು ತಡೆಯಬೇಕು. ಆರೋಗ್ಯವಾಗಿ ಕಾಣುವ ಕೋಳಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು. ಬಾಚಿದ್ದನ್ನು ಹಸಿಯಾಗಿಯೇ ಕರಿಬೇವಿನ ಬುಡಕ್ಕೆ ಸುರಿದರೆ ಗಿಡ ಸುಡುತ್ತದೆ. ಒಣ ಎಲೆಯ ಜೊತೆ ಗುಂಡಿಯಲ್ಲಿ ಕೆಲವು ತಿಂಗಳು ಕಳಿಯಲು ಬಿಡಬೇಕು.

ಕೊನೆಗೆ ಆಸ್ಪತ್ರೆಗೆ ಹೋಗುವುದೇ ಆದರೆ ಫೋಟೊಗಿಂತ ಹಿಕ್ಕೆಯೇ ಮೇಲು. ಸೂಕ್ಷ್ಮದರ್ಶಕದ ಕೆಳಗೆ ಐಮೇರಿಯಾ ಕಣವೂ ಹುಳುವಿನ ಮೊಟ್ಟೆಯೂ ಕಾಣುತ್ತವೆ, ಫೋನಿನಲ್ಲಿ ಕಾಣುವುದಿಲ್ಲ. ಅವತ್ತಿನದೇ ಹಿಕ್ಕೆ, ಮೂರು ನಾಲ್ಕು ಕೋಳಿಯದು, ತೊಕ್ಕಿನ ಬಗೆಯದೂ ಒಂದಿರಲಿ. ಮುಚ್ಚಳ ಬಿಗಿಯಾದ ಸಣ್ಣ ಡಬ್ಬಿಯಲ್ಲಿ ಹಾಕಿ, ಅವತ್ತೇ ಒಯ್ಯಲಾಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ಫ್ರೀಜರಿನಲ್ಲಿ ಅಲ್ಲ, ಕೆಳಗಡೆ. ಡಬ್ಬಿಯನ್ನು ಎರಡು ಕವರಿನಲ್ಲಿ ಕಟ್ಟಿ, ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಬೇಕು. ಈ ಬರೆದು ಅಂಟಿಸುವ ಭಾಗವನ್ನು ನಾನು ಕಲಿತದ್ದು ಆ ಜೂನ್ ತಿಂಗಳ ಶನಿವಾರ ರಾತ್ರಿ, ಸೋಮವಾರಕ್ಕೆಂದು ಒಳಗಿಟ್ಟ ಡಬ್ಬಿಯನ್ನು ಕೈಯಲ್ಲಿ ಹಿಡಿದು ಮನೆಯಾಕೆ ಅಡುಗೆಮನೆಯಿಂದಲೇ ಕೂಗಿದಾಗ: “ರೀ, ಈ ತೊಕ್ಕು ಯಾರ ಮನೆಯಿಂದ ಬಂತು?”